ಜೋಳದ ಪಾಳಿ ಮತ್ತು ಒಂದು ರೂಪಾಯಿಯ ಷೇರು: ಚಾಕಣದ ಒಂದು ಮುಷ್ಕರವನ್ನು ಕುರಿತು

2013ರ ಜೂನ್ 25ರಂದು ಪುಣೆ ಜಿಲ್ಲೆಯ ಚಾಕಣದಲ್ಲಿರುವ ಬಜಾಜ್ ಆಟೋ ಕಾರ್ಖಾನೆಯ ಕಾರ್ಮಿಕರು ಮುಷ್ಕರ ಹೂಡಿದರು. ಐವತ್ತು ದಿನಗಳ ಕಾಲ ನಡೆದ ಆ ಮುಷ್ಕರ ಆಗಸ್ಟ್ ತಿಂಗಳ ನಡುವಿನಲ್ಲಿ ಕೊನೆಗೊಂಡಿತು. ವೇತನ ಪರಿಷ್ಕರಣೆಯಾಗಬೇಕು, ಅಮಾನತಿನಲ್ಲಿರುವ ಜೊತೆಗಾರರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬ ಬೇಡಿಕೆಗಳು ಇಂಥ ಹೋರಾಟಗಳಲ್ಲಿ ಹೊಸವಲ್ಲ. ಆದರೆ ವಿಶ್ವ ಕಲ್ಯಾಣ ಕಾಮಗಾರ್ ಸಂಘಟನಾ ಎಂಬ ಅವರ ಸಂಘ ಇವುಗಳ ಜೊತೆಗೆ ಇನ್ನೊಂದು ಬೇಡಿಕೆಯನ್ನೂ ಮುಂದಿಟ್ಟಿತ್ತು: ಪ್ರತಿಯೊಬ್ಬ ಕಾರ್ಮಿಕನಿಗೂ ಕಂಪನಿಯ 500 ಷೇರುಗಳನ್ನು ತಲಾ ಒಂದು ರೂಪಾಯಿಯಂತೆ ಕೊಡಬೇಕು. ಪೇಟೆಯಲ್ಲಿ ಆ ಷೇರಿನ ಬೆಲೆ ಆಗ ಎರಡು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿತ್ತು. ಆಡಳಿತವರ್ಗ ಈ ಬೇಡಿಕೆಯನ್ನು ಒಪ್ಪಲಿಲ್ಲ. ಉತ್ಪಾದನೆಯ ಒಂದು ಭಾಗವನ್ನು ಬೇರೆ ಊರುಗಳಲ್ಲಿರುವ ತನ್ನ ಕಾರ್ಖಾನೆಗಳಿಗೆ ಸಾಗಿಸುವ ಮಾತನ್ನಾಡಿತು. ಕಾರ್ಮಿಕರ ಬಗೆಗೆ ಸಹಾನುಭೂತಿಯುಳ್ಳವರಲ್ಲೂ ಕೆಲವರಿಗೆ ಷೇರಿನ ಮಾತು ಅತಿಯೆನಿಸಿತು. ಕೂಲಿ ಕೇಳಬೇಕಾದವನು ಒಡೆತನದಲ್ಲಿ ಪಾಲು ಕೇಳುವುದೆಂದರೇನು?

ಪ್ರಸ್ತುತ ಲೇಖನದ ಉದ್ದೇಶ ಈ ಪ್ರಶ್ನೆಗೆ ಅರ್ಥಶಾಸ್ತ್ರದ ಉತ್ತರ ಕೊಡುವುದಲ್ಲ. ಅದು ನನ್ನ ಕ್ಷೇತ್ರವೂ ಅಲ್ಲ. ಮಧ್ಯಕಾಲೀನ ಕನ್ನಡದ ಕಾವ್ಯ ಮತ್ತು ಶಾಸನಗಳ ನಡುವೆ ದಿನ ಕಳೆದವನಿಗೆ ಚಾಕಣದ ಬೇಡಿಕೆ ಕೆಲವು ಹಳೆಯ ಮಾತುಗಳನ್ನು ಮತ್ತೆ ಓದಿ ನೋಡುವಂತೆ ಮಾಡಿತು ಎಂಬುದಷ್ಟೇ ಇದರ ಹಿನ್ನೆಲೆ. ದುಡಿಯುವವನ ಅಸಮಾಧಾನವನ್ನು ನಾವು ಸಾಮಾನ್ಯವಾಗಿ ಮೊತ್ತದ ಲೆಕ್ಕದಲ್ಲಿ ಅಳೆಯುತ್ತೇವೆ: ಇಷ್ಟು ಬರಬೇಕಾಗಿತ್ತು, ಇಷ್ಟು ಬಂತು. ಆ ಮಾತುಗಳನ್ನು ಹಿಡಿದು ನೋಡಿದರೆ ಮೊತ್ತಕ್ಕಿಂತ ಹಿಂದಿನ ಪ್ರಶ್ನೆಯೊಂದು ಕಾಣುತ್ತದೆ. ಆಳು ಮತ್ತು ಒಡೆಯರ ನಡುವಿನ ಋಣ ಯಾವ ದಿಕ್ಕಿಗೆ ಹರಿಯುತ್ತದೆ, ಯಾರು ಯಾರಿಗೆ ಸಾಲಗಾರರು ಎಂಬುದೇ ಆ ಪ್ರಶ್ನೆ.

ಪಂಪನ ಕಾಲದ ಸಾಹಿತ್ಯವನ್ನು ಬಲ್ಲವರಿಗೆ ‘ಜೋಳದ ಪಾಳಿ’ ಎಂಬ ಮಾತು ಅಪರಿಚಿತವಲ್ಲ. ಒಡೆಯ ಇಕ್ಕಿದ ಜೋಳವನ್ನು ಉಂಡವನು ಆ ಅನ್ನದ ಋಣವನ್ನು ಸಮಯ ಬಂದಾಗ ಪ್ರಾಣವಿತ್ತಾದರೂ ತೀರಿಸಬೇಕು ಎಂಬ ಕಟ್ಟಳೆ ಅದು. ತನ್ನ ಹುಟ್ಟು ಯಾವುದೆಂದು ತಿಳಿದ ಮೇಲೂ ಕರ್ಣನು ದುರ್ಯೋಧನನನ್ನು ಬಿಡದಿರುವುದರ ಹಿಂದೆ ಈ ನೀತಿ ಕೆಲಸಮಾಡುತ್ತದೆ. ಇದರ ತುದಿಮುಟ್ಟಿದ ರೂಪ ‘ವೇಳೆವಾಳಿ’. ಹೊಯ್ಸಳ ಎರಡನೆಯ ಬಲ್ಲಾಳನ ಆಪ್ತನಾದ ಕುವರ ಲಕ್ಷ್ಮನು ಒಡೆಯನೊಡನೆಯೇ ಪ್ರಾಣಬಿಟ್ಟ ಸಂಗತಿಯನ್ನು ಹಳೇಬೀಡಿನ ಗರುಡಗಂಬ ಇಂದಿಗೂ ಹೇಳುತ್ತ ನಿಂತಿದೆ. ಈ ವೀರರ ನಿಷ್ಠೆಯನ್ನು ಕುರಿತು ನಮ್ಮ ಹಿರಿಯ ವಿದ್ವಾಂಸರು ಅಭಿಮಾನದಿಂದ ಬರೆದಿದ್ದಾರೆ. ಆ ಅಭಿಮಾನ ಸಕಾರಣವೇ. ಆದರೆ ಗಮನಿಸಬೇಕಾದದ್ದೊಂದಿದೆ. ಈ ಕಲ್ಲುಗಳನ್ನು ನೆಡಿಸಿದವರು ಬಹುಮಟ್ಟಿಗೆ ಉಣಿಸಿದವರ ಕಡೆಯವರು. ಉಂಡವನು ಸಾಲಗಾರ, ಉಣಿಸಿದವನು ಸಾಲಕೊಟ್ಟವನು ಎಂಬುದು ಅಲ್ಲಿ ಪ್ರಶ್ನಾತೀತ. ಆ ಜೋಳವನ್ನು ಬೆಳೆದವನು ಯಾರು ಎಂಬ ಮಾತಿಗೆ ವೀರಗಲ್ಲಿನಲ್ಲಿ ಜಾಗವಿಲ್ಲ.

ಈ ಒಂದು ಕಡೆಯ ಋಣದ ಕಲ್ಪನೆ ಶಬ್ದಗಳ ಅರ್ಥದ ಮೇಲೆ ಮಾಡಿರುವ ಪರಿಣಾಮ ಕುತೂಹಲಕರವಾಗಿದೆ. ‘ಜೀವಿತ’ ಎಂದರೆ ಹಿಂದೆ ಸೇವೆಗೆ ಪ್ರತಿಯಾಗಿ ದೊರೆಯುವ ಬಾಳುವೆಯ ಆಧಾರ. ಸೈನಿಕನಿಗೋ ಅಧಿಕಾರಿಗೋ ಸಲ್ಲುತ್ತಿದ್ದ ಗೌರವದ ಸಂಭಾವನೆ. ಅದರ ತದ್ಭವವಾದ ‘ಜೀತ’ ಇಂದು ಏನನ್ನು ಸೂಚಿಸುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. 1976ರಲ್ಲಿ ಕಾಯಿದೆ ಮಾಡಿ ಅದನ್ನು ರದ್ದುಪಡಿಸಬೇಕಾಯಿತು. ಸಂಬಳವೆಂಬುದು ಮೂಲದಲ್ಲಿ ದಾರಿಯ ಬುತ್ತಿ. ‘ವಿಷ್ಟಿ’ ಎಂಬ ಸಂಸ್ಕೃತ ಶಬ್ದಕ್ಕೆ ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆಯೆಂಬ ಅರ್ಥ. ಅದು ಮರಾಠಿಯಲ್ಲಿ ‘ವೇಠ’ ಆಯಿತು, ಕನ್ನಡದಲ್ಲಿ ‘ಬಿಟ್ಟಿ’ ಆಯಿತು. ವೇಠಬಿಗಾರಿ ಎಂದಾಗ ಮರಾಠಿಯವನ ಕಿವಿಗೆ ಈಗಲೂ ದುಡಿದವನ ಸಂಕಟ ಕೇಳಿಸುತ್ತದೆ. ಕನ್ನಡದಲ್ಲಿ ‘ಬಿಟ್ಟಿ ಚಾಕರಿ’ ಎಂಬ ಬಳಕೆ ಉಳಿದಿದೆ ನಿಜ. ಆದರೆ ‘ಬಿಟ್ಟಿ ಸಿಕ್ಕಿತು’ ಎಂದು ಹಿಗ್ಗುವವನ ಅರ್ಥವೇ ಮುಂದೆ ಬಂದು ಕುಳಿತಿದೆ. ಒಂದೇ ಶಬ್ದದಲ್ಲಿ ಒಂದು ಭಾಷೆ ಕಳೆದುಕೊಂಡವನ ನೋವನ್ನು ಇಟ್ಟುಕೊಂಡಿತು, ಇನ್ನೊಂದು ಪಡೆದುಕೊಂಡವನ ಲಾಭವನ್ನೂ ಸೇರಿಸಿಕೊಂಡಿತು.

ಹಾಗಾದರೆ ಕೂಲಿಯೂ ಅಲ್ಲದ, ಬಿಟ್ಟಿಯೂ ಅಲ್ಲದ ಮೂರನೆಯ ಸಂಬಂಧವೊಂದು ಇತ್ತೇ? ಇತ್ತು. ಕರ್ನಾಟಕದ ಆಯಗಾರ ಪದ್ಧತಿ ಮತ್ತು ಮಹಾರಾಷ್ಟ್ರದ ಬಲುತೆ ಪದ್ಧತಿಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸ ಮೊದಲಾದವರಿಗೆ ಪ್ರತಿ ಕೆಲಸಕ್ಕೂ ಹಣ ಸಲ್ಲುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲು ಹೋಗುತ್ತಿತ್ತು. ಬೆಳೆ ಚೆನ್ನಾಗಿ ಬಂದರೆ ಪಾಲೂ ದೊಡ್ಡದು, ಬರ ಬಂದರೆ ಎಲ್ಲರಿಗೂ ಬರ. ಚಾಕಣ ಇರುವ ಖೇಡ ತಾಲೂಕಿನ ಹಳ್ಳಿಗಳು ಶತಮಾನಗಳ ಕಾಲ ಬದುಕಿದ್ದು ಹೀಗೆಯೇ. ಆದ್ದರಿಂದ ಈ ನೆಲದ ರೈತಮಕ್ಕಳು ಕಾರ್ಖಾನೆಯ ಬಾಗಿಲಲ್ಲಿ ನಿಂತು ಪಾಲು ಕೇಳಿದ್ದು ಆಕಾಶದಿಂದ ಇಳಿದ ವಿಚಾರವೇನಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಹಳೆಯ ಹಳ್ಳಿಯ ಬಗೆಗೆ ಒಂದು ಸುಳ್ಳುಚಿತ್ರವನ್ನು ಕೊಟ್ಟಂತಾಗುತ್ತದೆ. ಪಾಲು ಎಂಬುದು ಸಂಕೋಲೆಯೂ ಆಗಿತ್ತು. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ತೋರಿಸಿದವರು ಡಾ. ಬಿ.ಆರ್. ಅಂಬೇಡ್ಕರ್. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ 1874ರ ವತನು ಕಾಯಿದೆಗೆ ತಿದ್ದುಪಡಿಯನ್ನು ಮಂಡಿಸುತ್ತ ಅವರು ಮಹಾರ ವತನುದಾರರ ಸ್ಥಿತಿಯನ್ನು ವಿವರಿಸಿದರು. ಕೆಲಸಕ್ಕೆ ಹೊತ್ತುಗೊತ್ತಿಲ್ಲ, ವತನುದಾರ ಮನೆಯಲ್ಲಿಲ್ಲದಿದ್ದರೆ ಮನೆಯವರಲ್ಲಿ ಯಾರನ್ನಾದರೂ ಹಿಡಿದು ದುಡಿಸಿಕೊಳ್ಳಬಹುದು, ಕೆಲಸ ಸರ್ಕಾರದ್ದು, ಆದರೆ ಬಲುತೆ ಕೊಡುವುದು ಬಿಡುವುದು ಊರವರ ಇಚ್ಛೆ. ಮೇಲುಜಾತಿಯವರು ಮುನಿದರೆ ಕಣದ ಪಾಲು ನಿಂತುಹೋಗುತ್ತಿತ್ತು. ಈ ವ್ಯವಸ್ಥೆಯನ್ನು ಕಾನೂನು ತೆಗೆದುಹಾಕಿದ್ದು 1958ರ ಕಾಯಿದೆಯ ಮೂಲಕ. ಅಳತೆಯಿಲ್ಲದ ದುಡಿಮೆ ಮತ್ತು ಇನ್ನೊಬ್ಬರ ಮರ್ಜಿಯನ್ನು ಅವಲಂಬಿಸಿದ ಪ್ರತಿಫಲ, ಇವೆರಡು ಒಂದೆಡೆ ಸೇರಿದರೆ ಅದಕ್ಕೆ ಯಾವ ಹೆಸರಿಟ್ಟರೂ ಅದು ಜೀತವೇ.

ಅಳತೆಯ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದಿರುವುದು ಕನ್ನಡಿಗನಿಗೆ ಕಷ್ಟ. ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವಳು ಅದನ್ನು ಹಿಂದಕ್ಕೆ ಕಳಿಸಿದ ಪ್ರಸಂಗ ಪ್ರಸಿದ್ಧವಾದುದು. ಈ ಕಥೆಯನ್ನು ಉದ್ಯಮಗಳ ಸಮಾರಂಭಗಳಲ್ಲಿ ‘ಹೆಚ್ಚು ಕೇಳಬೇಡಿ’ ಎಂಬ ಉಪದೇಶವಾಗಿ ಬಳಸುವುದನ್ನು ನಾನು ಕಂಡಿದ್ದೇನೆ. ಇದು ತಲೆಕೆಳಗಾದ ಓದು. ಲಕ್ಕಮ್ಮನಿಗೆ ಯಜಮಾನನಿಲ್ಲ, ಸಾಕು ಎಂಬ ಗೆರೆಯನ್ನು ಎಳೆದವಳು ಅವಳೇ. ತನ್ನ ದುಡಿಮೆಗೂ ತನ್ನ ಗಳಿಕೆಗೂ ಅಳತೆಯನ್ನು ತಾನೇ ನಿರ್ಧರಿಸಿದವಳ ಮಾತನ್ನು, ಇನ್ನೊಬ್ಬನ ದುಡಿಮೆಗೆ ಅಳತೆ ಹಾಕುವವನು ಎತ್ತಿಕೊಳ್ಳುವುದು ನ್ಯಾಯವಲ್ಲ.

ಚಾಕಣಕ್ಕೆ ಮರಳೋಣ. ಈ ಊರಿಗೂ ಕನ್ನಡನಾಡಿಗೂ ಇರುವ ಹಳೆಯ ನಂಟು ನಮ್ಮ ಪ್ರಶ್ನೆಗೆ ಇನ್ನೊಂದು ಬೆಳಕು ಬೀರುತ್ತದೆ. ಹದಿನೈದನೆಯ ಶತಮಾನದ ನಡುಭಾಗದಲ್ಲಿ ಇಲ್ಲಿನ ಕೋಟೆ ಬೀದರಿನಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಎರಡನೆಯ ಅಲಾಉದ್ದೀನ್ ಅಹಮದನ ಸೇನಾನೆಲೆಯಾಗಿತ್ತು. ಕೊಂಕಣದ ದಂಡಯಾತ್ರೆಯಲ್ಲಿ ಮಲಿಕ್-ಉತ್-ತುಜ್ಜಾರ್ ಖಲಾಫ್ ಹಸನ್ ಕಾಡಿನ ನಡುವೆ ಹತನಾದ ಮೇಲೆ ಅವನ ಸೈನ್ಯದಲ್ಲಿದ್ದ ಪರದೇಶಿ ಸೈನಿಕರಲ್ಲಿ ಉಳಿದವರು ಚಾಕಣಕ್ಕೆ ಬಂದು ಸೇರಿದರು. ಅವರಿಗೂ ದಖನಿ ಸರದಾರರಿಗೂ ಮೊದಲಿನಿಂದಲೇ ವೈಮನಸ್ಯವಿತ್ತು. ನಡೆದುದನ್ನು ತಿಳಿಸಿ ಅವರು ಬೀದರಿಗೆ ಬರೆದ ಬಿನ್ನಹಗಳು ದೊರೆಯನ್ನು ಮುಟ್ಟಲಿಲ್ಲ. ಯಾರ ಮೇಲೆ ದೂರಿತ್ತೋ ಅವರ ಕಡೆಯವರ ಕೈಗೇ ಸಿಕ್ಕಿದವು. ದೊರೆಯ ಕಿವಿಗೆ ಬಿದ್ದುದು ಇವರೇ ದ್ರೋಹಿಗಳೆಂಬ ಮಾತು. ಕೋಟೆಯನ್ನು ಮುತ್ತಿ, ಕೊನೆಗೆ ಅಭಯದ ಮಾತನ್ನಾಡಿ ಹೊರಗೆ ಕರೆದು ಅವರನ್ನು ಕೊಲ್ಲಲಾಯಿತು. ತಪ್ಪಿಸಿಕೊಂಡ ಕೆಲವರು ಬೀದರಿಗೆ ಹೋಗಿ ನಿಜವನ್ನು ಹೇಳಿದ ಮೇಲೆ ಸುಲ್ತಾನ ಪಿತೂರಿಗಾರರನ್ನು ದಂಡಿಸಿದನು. ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಈ ವೃತ್ತಾಂತವನ್ನು ವಿವರವಾಗಿ ಬರೆದ ಫೆರಿಷ್ತಾ ಬಿಜಾಪುರದ ಆಸ್ಥಾನದಲ್ಲಿದ್ದವನು, ಸ್ವತಃ ಪರ್ಷಿಯಾದ ಕಡೆಯಿಂದ ಬಂದ ಮನೆತನದವನು. ತನ್ನವರ ಪಕ್ಷಕ್ಕೆ ಅವನು ಸ್ವಲ್ಪ ವಾಲಿರಬಹುದೆಂಬುದನ್ನು ನೆನಪಿನಲ್ಲಿಟ್ಟೇ ಇದನ್ನು ಓದಬೇಕು.

ಸೈನಿಕನೂ ಕಾರ್ಮಿಕನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಜೋಳದ ಪಾಳಿಯ ವ್ಯವಸ್ಥೆಯಲ್ಲಿ ಅಡಗಿದ್ದ ದೌರ್ಬಲ್ಯ ಇಲ್ಲಿ ಬಯಲಾಗುತ್ತದೆ. ನಿಷ್ಠೆ ದೂರದ ಒಡೆಯನಿಗೆ ಸಲ್ಲಬೇಕು. ಬಿನ್ನಹ ಮಾತ್ರ ಹತ್ತಿರದ ಅಧಿಕಾರಿಯ ಕೈಯಿಂದಲೇ ಹೋಗಬೇಕು. ಮೇಲಿನವನ ಮೇಲೆ ದೂರು ಕೊಡಬೇಕಾದವನು ಆ ಮೇಲಿನವನಿಗೇ ಅರ್ಜಿ ಸಲ್ಲಿಸಬೇಕಾದ ಪರಿಸ್ಥಿತಿ ಇಂದಿನ ಯಾವ ಕಚೇರಿಯಲ್ಲಿಲ್ಲ?

ಈ ನಡುವಿನವರನ್ನು ದಾಟಿ ನೇರವಾಗಿ ಬರೆದ ಬಿನ್ನಹಗಳ ಇತಿಹಾಸದಲ್ಲಿ 1884ಕ್ಕೆ ವಿಶೇಷ ಸ್ಥಾನವಿದೆ. ಪುಣೆಯಲ್ಲಿ ಜ್ಯೋತಿಬಾ ಫುಲೆಯವರು 1873ರಲ್ಲಿ ಸ್ಥಾಪಿಸಿದ ಸತ್ಯಶೋಧಕ ಸಮಾಜದಿಂದ ಪ್ರೇರಣೆ ಪಡೆದ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯಲ್ಲಿ ಗಿರಣಿ ಕಾರ್ಮಿಕರ ಸಭೆಗಳನ್ನು ಕರೆದು, ಸುಮಾರು 5,500 ಮಂದಿಯ ಸಹಿ ಪಡೆದ ಮನವಿಯೊಂದನ್ನು ಆಗಿನ ಕಾರ್ಖಾನೆ ಆಯೋಗದ ಮುಂದಿರಿಸಿದರು. ವಾರಕ್ಕೊಂದು ದಿನ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಗಿನ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ತಿಂಗಳ ಸಂಬಳ ಮುಂದಿನ ತಿಂಗಳ 15ರೊಳಗೆ, ಗಾಯಗೊಂಡವನಿಗೆ ಪರಿಹಾರ. ಸಂಬಳ ಹೆಚ್ಚಿಸಿ ಎಂಬುದು ಇದರಲ್ಲಿಲ್ಲ! ದುಡಿದು ಆಗಿದೆ, ಆದ್ದರಿಂದ ಈಗ ಸಾಲಗಾರನು ಒಡೆಯ, ಸಾಲ ತೀರಿಸುವ ದಿನಾಂಕವನ್ನು ಅವನು ಹೇಳಲಿ ಎಂಬುದೇ ಇದರ ಒಳದನಿ. ಜೋಳದ ಪಾಳಿಯ ಋಣ ಇಲ್ಲಿ ದಿಕ್ಕು ಬದಲಿಸಿದೆ. ವಾರದ ರಜೆ 1890ರ ಜೂನ್ 10ರಂದು ಒಪ್ಪಿತವಾಯಿತು. ಸಂಬಳದ ಗಡುವು ಕಾನೂನಾಗಲು 1936ರ ವೇತನ ಪಾವತಿ ಕಾಯಿದೆಯವರೆಗೆ ಕಾಯಬೇಕಾಯಿತು.

ಕರ್ನಾಟಕದ ಕಡೆಯಿಂದ ಇದಕ್ಕೆ ಜೊತೆಯಾಗಿ ಇಡಬಹುದಾದದ್ದು 1930ರ ಕೋಲಾರ ಚಿನ್ನದ ಗಣಿಗಳ ಮುಷ್ಕರ. ಬಹುಪಾಲು ತಮಿಳು ಮಾತನಾಡುವ ದಲಿತ ಕಾರ್ಮಿಕರು ಸುಮಾರು ಮೂರು ವಾರ ಕೆಲಸ ನಿಲ್ಲಿಸಿದ್ದು ಬೆರಳಚ್ಚು ತೆಗೆದು ನೋಂದಾಯಿಸುವ ಹೊಸ ಕ್ರಮದ ವಿರುದ್ಧ. ಭೂಮಿಯ ಆಳಕ್ಕಿಳಿದು ಚಿನ್ನ ತೆಗೆಯುವವನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸಿದ್ದು ಅವರನ್ನು ಕೆರಳಿಸಿತು.

ಇನ್ನು ಇಂದಿನ ಚಾಕಣ. ಪುಣೆ–ನಾಸಿಕ ಹೆದ್ದಾರಿಯ ಮೇಲಿನ ಈ ಊರು ಈರುಳ್ಳಿ ಆಲೂಗಡ್ಡೆಗಳ ಮಾರುಕಟ್ಟೆಯೆಂದು ಹೆಸರಾಗಿತ್ತು. 1660ರ ಮಳೆಗಾಲದಲ್ಲಿ ಫಿರಂಗೋಜಿ ನರಸಾಳ ಎರಡು ತಿಂಗಳಿಗೆ ಹತ್ತಿರ ಶಾಯಿಸ್ತಾಖಾನನ ಸೈನ್ಯವನ್ನು ತಡೆದು ನಿಲ್ಲಿಸಿದ ಕೋಟೆ ಈಗ ಪಾಳುಬಿದ್ದಿದೆ. (ಕಾರ್ಮಿಕರ ಮುಷ್ಕರವೂ ಜೂನ್–ಆಗಸ್ಟ್ ನಡುವಣ ಅದೇ ಮಳೆಗಾಲದ ದಿನಗಳಲ್ಲಿ ನಡೆದದ್ದು ಕಾಕತಾಳೀಯವಷ್ಟೆ.) ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ ನೆಲ ಪಡೆದುಕೊಂಡಿತು, ಬಜಾಜ್, ಮಹೀಂದ್ರ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್-ಬೆಂಜ್ ಬಂದವು, ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣಪುಟ್ಟ ಘಟಕಗಳು ಮಹಾಳುಂಗೆ, ನಿಘೋಜೆ, ಕುರುಳಿ ಮೊದಲಾದ ಹಳ್ಳಿಗಳ ತುಂಬ ಹರಡಿದವು. ದೊಡ್ಡ ಕಾರ್ಖಾನೆಯ ಕಾಯಂ ಕಾರ್ಮಿಕನಿಗೆ ಸಂಘವಿದೆ, ಮುಷ್ಕರ ಹೂಡುವ ಶಕ್ತಿಯಿದೆ. ಸಣ್ಣ ಘಟಕದ ಗುತ್ತಿಗೆ ಕೆಲಸಗಾರನಿಗೆ ಅವೆರಡೂ ಇಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯ ಪ್ರಕಾರ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಗಳಲ್ಲೂ ಆ ಹೊಣೆ ಉಳಿದಿದೆ. ಆದರೆ ಮೂಲ ಮಾಲೀಕ ಯಾರೆಂದು ತಿಳಿದಿರಬೇಕಲ್ಲ? ಶಿಕ್ಷಾರ್ಥಿ ಎಂಬ ಹೆಸರಿನದು ಇನ್ನೊಂದು ವರಸೆ. 1961ರ ಅಪ್ರೆಂಟಿಸ್ ಕಾಯಿದೆಯಂತೆ ಅವನು ಕಾರ್ಮಿಕನೇ ಅಲ್ಲ; ಅವನಿಗೆ ಸಿಗುವುದು ವೇತನವಲ್ಲ, ಭತ್ಯೆ. ಕಲಿಸುವ ನೆವದಲ್ಲಿ ಕಾಯಂ ಕೆಲಸವನ್ನೇ ಮಾಡಿಸಿಕೊಂಡಾಗ ಋಣ ಮತ್ತೆ ಹಳೆಯ ದಿಕ್ಕಿಗೆ ತಿರುಗುತ್ತದೆ: ಕಲಿತವನು ಸಾಲಗಾರ, ಕಲಿಸಿದವನು ಉಪಕಾರಿ.

ಈ ತಂತ್ರಕ್ಕೆ ಕಾರ್ಖಾನೆಯೇ ಬೇಕೆಂದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಪದವಿ ಕಾಲೇಜೊಂದರಲ್ಲಿ ತಾತ್ಕಾಲಿಕ ಅಧ್ಯಾಪಕನಾಗಿದ್ದೆ. ಪುಸ್ತಕದಲ್ಲಿ ಸಹಿ ಹಾಕುತ್ತಿದ್ದ ಮೊತ್ತವೇ ಬೇರೆ, ಕೈಗೆ ಬರುತ್ತಿದ್ದ ಮೊತ್ತವೇ ಬೇರೆ. ಕೇಳಿದಾಗ ದೊರೆತ ಉತ್ತರ, ‘ಅನುಭವ ಸಿಗುತ್ತಿದೆಯಲ್ಲ!’ ಎರಡು ವರ್ಷ ನಾನು ಆ ಅನುಭವಕ್ಕೆ ಕೃತಜ್ಞನಾಗಿದ್ದೆ ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಕರ್ನಾಟಕದ ಇತ್ತೀಚಿನ ಎರಡು ಪ್ರಸಂಗಗಳು ಚಾಕಣವನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತವೆ. ಎರಡೂ 2020ರ ಕೊನೆಯವು. ಬಿಡದಿಯ ಟೊಯೊಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ನವೆಂಬರಿನಲ್ಲಿ ಸಂಘದ ಪ್ರತಿನಿಧಿಯೊಬ್ಬರ ಅಮಾನತಿನಿಂದ ಹೊತ್ತಿಕೊಂಡ ಹೋರಾಟ ಮರುವರ್ಷದ ಮಾರ್ಚಿನವರೆಗೂ ಎಳೆಯಿತು. ಅಲ್ಲಿನ ದೂರಿನ ತಿರುಳು ಹಣವಲ್ಲ, ವೇಗ; ಮೂರು ನಿಮಿಷಕ್ಕೊಂದು ಕಾರು ಹೊರಬರುವ ಕಡೆ ಎರಡೂವರೆ ನಿಮಿಷಕ್ಕೊಂದು ಬರಬೇಕೆಂಬ ಒತ್ತಡ. ಅಳತೆಯನ್ನು ಗೊತ್ತುಮಾಡುವವರು ಯಾರು ಎಂಬ ಲಕ್ಕಮ್ಮನ ಪ್ರಶ್ನೆಯೇ ಇದು. ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಡಿಸೆಂಬರ್ 12ರಂದು ಸಿಟ್ಟು ಗಾಜು ಒಡೆಯಿತು, ಬೆಂಕಿ ಹಚ್ಚಿತು. ಹಾನಿಯನ್ನು ಸಮರ್ಥಿಸಲಾಗದು. ಆದರೆ ಗುತ್ತಿಗೆ ಸಂಸ್ಥೆಗಳ ಮೂಲಕ ಸೇರಿದ್ದ ಸಾವಿರಾರು ಯುವಕ ಯುವತಿಯರಿಗೆ ಹೇಳಿದ ಸಂಬಳ ಬರುತ್ತಿರಲಿಲ್ಲ, ಪಾಳಿ ಹನ್ನೆರಡು ಗಂಟೆಗೆ ಏರಿತ್ತು, ಹಾಜರಿಯ ಲೆಕ್ಕ ಸರಿಯಿರಲಿಲ್ಲ. ಕೆಲವು ಕೆಲಸಗಾರರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿಲ್ಲವೆಂದು ಕಂಪನಿಯೇ ಒಂದು ವಾರದಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆದುಹಾಕಿತು. ಬೀದರಿನ ಸುಲ್ತಾನನಿಗೆ ನಿಜ ತಿಳಿದ ರೀತಿಯೂ ಹೀಗೆಯೇ ಇತ್ತಲ್ಲವೆ? ಲೋಖಂಡೆಯವರು ಕೇಳಿದ್ದ ಸಂಬಳದ ದಿನಾಂಕ 136 ವರ್ಷಗಳ ಅನಂತರವೂ ಕೇಳಬೇಕಾದ ವಸ್ತುವಾಗಿಯೇ ಉಳಿದಿತ್ತು.

ಈಗ ಒಂದು ರೂಪಾಯಿಯ ಷೇರಿನ ಬೇಡಿಕೆಯನ್ನು ಮತ್ತೊಮ್ಮೆ ನೋಡಬಹುದು. 1981ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿ, ಎರಡು ವರ್ಷಗಳಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಹಂಚುವ ಯೋಜನೆಯನ್ನು ಆರಂಭಿಸಿತು. ಅದನ್ನು ದೂರದೃಷ್ಟಿಯೆಂದು ನಾಡೇ ಕೊಂಡಾಡಿತು. ಆ ಹೊಗಳಿಕೆ ಅರ್ಹವಾದುದು. ಹತ್ತೊಂಬತ್ತು ವರ್ಷಗಳ ಮೇಲೆ ಮೋಟಾರ್‌ಸೈಕಲ್ಲು ಜೋಡಿಸುವವನು ಅದನ್ನೇ ಕೇಳಿದಾಗ ಅತಿಯಾಸೆಯೆನಿಸಿತು. ಮೊದಲನೆಯದು ಒಡೆಯ ಕೊಟ್ಟದ್ದು, ಎರಡನೆಯದು ಆಳು ಕೇಳಿದ್ದು. ಕೊಟ್ಟಾಗ ಅದು ದಾನಶಾಸನ. ಪಡೆದವನ ಮೇಲೆ ಋಣದ ಭಾರ ಬೀಳುತ್ತದೆ. ಕೇಳಿದಾಗ ಅದು ಹಕ್ಕಿನ ಮಾತಾಗಿ, ಋಣ ಎದುರು ಬದಿಗೆ ಸರಿಯುತ್ತದೆ. 500 ಷೇರು ಎಂಬ ಸಂಖ್ಯೆ ಚೌಕಾಸಿಗಾಗಿ ಇಟ್ಟದ್ದಿರಬಹುದು. ಒಂದು ರೂಪಾಯಿ ಎಂಬುದು ಮಾತ್ರ ಹಾಗಲ್ಲ ಎಂದು ನನ್ನ ಅಭಿಪ್ರಾಯ. ಉಚಿತವಾಗಿ ಬೇಡ, ಬಿಟ್ಟಿ ಬೇಡ, ಕೊಂಡುಕೊಳ್ಳುತ್ತೇವೆ. ಉಳಿದ ಬೆಲೆ ದುಡಿಮೆಯ ರೂಪದಲ್ಲಿ ಆಗಲೇ ಸಂದಿದೆ ಎಂಬ ಅರ್ಥ ಅದರಲ್ಲಿದೆ. ಷೇರು ಬರಲಿಲ್ಲ, ಐವತ್ತನೆಯ ದಿನ ಕಾರ್ಮಿಕರು ಯಾವ ಷರತ್ತೂ ಇಲ್ಲದೆ ಕೆಲಸಕ್ಕೆ ಮರಳಿದರು.

ಕೆಲವು ಕಾಲದ ಹಿಂದೆ ಕೋಟೆಯನ್ನು ನೋಡಲೆಂದು ಚಾಕಣಕ್ಕೆ ಹೋಗಿದ್ದೆ. ತಳೇಗಾವ್ ಚೌಕದಲ್ಲಿ ವಾಹನಗಳ ಗದ್ದಲದ ನಡುವೆ ಕಲಬುರಗಿ ಕಡೆಯ ಕನ್ನಡ ಕಿವಿಗೆ ಬಿತ್ತು. ಬಿಡಿಭಾಗಗಳ ಘಟಕವೊಂದರಲ್ಲಿ ದುಡಿಯುವ ನಾಲ್ವರು ಹುಡುಗರು, ರಾತ್ರಿ ಪಾಳಿ ಮುಗಿಸಿ ನಿಂತಿದ್ದರು. ಮೇಷ್ಟರೆಂದು ತಿಳಿದ ಮೇಲೆ ಒಬ್ಬನು ಜೇಬಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದು, ‘ಪಗಾರದ ಚೀಟಿ ಅದರಿ ಸರ, ಸ್ವಲ್ಪ ಓದಿ ಹೇಳ್ರಿ’ ಎಂದನು. ಪಗಾರ ಪೋರ್ಚುಗೀಸರಿಂದ ಮರಾಠಿಗೆ ಬಂದು, ಅಲ್ಲಿಂದ ನಮ್ಮ ಉತ್ತರದ ಜಿಲ್ಲೆಗಳಲ್ಲಿ ನೆಲೆಗೊಂಡ ಶಬ್ದ ಎಂಬುದು ಅಂಥ ಹೊತ್ತಿನಲ್ಲೂ ನನ್ನ ತಲೆಗೆ ಹೊಳೆಯದಿರಲಿಲ್ಲ. ಚೀಟಿ ಇಂಗ್ಲಿಷಿನಲ್ಲಿತ್ತು. ಊಟದ ಕಡಿತ, ಬಸ್ಸಿನ ಕಡಿತ, ಸಮವಸ್ತ್ರದ ಕಡಿತಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅವನು ಬೆರಳು ಮಡಿಸುತ್ತ ಲೆಕ್ಕ ಹಾಕಿದನು. ಮೊತ್ತದ ಬಗೆಗೆ ಏನೂ ಹೇಳಲಿಲ್ಲ. ‘ನಾವು ಕೆಲಸ ಮಾಡೋ ಕಂಪನಿ ಹೆಸರು ಎಲ್ಲಿ ಅದರಿ ಇದರಾಗ?’ ಎಂದು ಕೇಳಿದನು. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮೇಲ್ಗಡೆ ಗುತ್ತಿಗೆದಾರನ ಸಂಸ್ಥೆಯ ಹೆಸರಿತ್ತು, ಅದರ ಕೆಳಗೆ ಹುಡುಗನ ಹೆಸರು ತಪ್ಪು ಅಕ್ಷರಗಳಲ್ಲಿತ್ತು. ಬೇರೆ ಹೆಸರು ಇರಲಿಲ್ಲ.